ಒಂದು ಚೂರು ಕಡಿಮೆ

ಆ ಬೀದಿಯಲ್ಲಿ ಟೈಲರಮ್ಮನಿಗೆ ತಕ್ಕಡಿಯಮ್ಮ ಅಂತ ಇನ್ನೊಂದು ಹೆಸರಿತ್ತು. ಎದುರಿಗೆ ಹಾಗೆ ಕರೆಯುವ ಧೈರ್ಯ ಯಾರಿಗೂ ಇರಲಿಲ್ಲ, ಅವಳ ನಾಲಿಗೆ ಅವಳ ಕತ್ತರಿಗಿಂತ ಹರಿತ. ಆದರೆ ಹೆಸರು ಬಂದದ್ದರಲ್ಲಿ ಜನರ ತಪ್ಪೇನೂ ಇಲ್ಲ. ಮುಂದೆ ಹೊಲಿಗೆ ಅಂಗಡಿ, ಹಿಂದೆ ಅಡುಗೆಮನೆ. ಅಡುಗೆಮನೆಯ ಕಿಟಕಿ ಪಕ್ಕದ ಓಣಿಗೆ ತೆರೆದುಕೊಂಡಿತ್ತು. ಹೋಗಿಬರುವವರಿಗೆಲ್ಲ ಅಲ್ಲಿ ಕಾಣುತ್ತಿದ್ದದ್ದು ಒಂದೇ ನೋಟ: ಕೊರಳಿಗೆ ಅಳತೆಪಟ್ಟಿ ಹಾಕಿಕೊಂಡ ಹೆಂಗಸೊಬ್ಬಳು ಬೇಯಿಸಿದ ಆಲೂಗಡ್ಡೆಯನ್ನು ಚಿನ್ನ ತೂಗಿದ ಹಾಗೆ ತೂಗುತ್ತಿರುತ್ತಾಳೆ.

ತೂಗುತ್ತಿದ್ದದ್ದು ಮಗಳಿಗಾಗಿ. ಮಗಳನ್ನು ಎಲ್ಲರೂ ಗುಬ್ಬಿ ಎನ್ನುತ್ತಿದ್ದರು. ಅವಳು ಕನ್ನಡಕದ ಅಂಗಡಿಯಲ್ಲಿ ಗಾಜು ಕೂರಿಸುವ ಕೆಲಸದವಳು, ಚುರುಕು ಕಣ್ಣು, ಚುರುಕು ಕೈ, ಅದಕ್ಕಿಂತ ಚುರುಕು ಬಾಯಿ. ನೋಡಿದವರು ಯಾರೂ ಅವಳಿಗೆ ಕಾಯಿಲೆ ಇದೆ ಅನ್ನುವಂತಿರಲಿಲ್ಲ. ಆದರೆ ಹಾಲು, ಮೊಟ್ಟೆ, ಮಾಂಸ, ಕಾಳು, ಬ್ರೆಡ್ಡು, ಹೀಗೆ ಮೈಗೆ ಕಸುವು ಕೊಡುವ ಎಲ್ಲದರ ಪ್ರೋಟೀನಿನೊಳಗೂ ಒಂದು ಅಂಶ ಇರುತ್ತದೆ. ಅದರ ಪೂರ್ತಿ ಹೆಸರು ಹೇಳಹೊರಟರೆ ನಾಲಿಗೆ ತಿರುಚಿಕೊಳ್ಳುತ್ತದೆ. ಡಾಕ್ಟರರು ಅದನ್ನು ‘ಫೆ’ ಎಂದು ಗಿಡ್ಡ ಮಾಡಿದ್ದರು, ಮನೆಯವರೂ ಹಾಗೇ ಅನ್ನುತ್ತಿದ್ದರು. ನಮ್ಮ ನಿಮ್ಮ ಪಿತ್ತಜನಕಾಂಗ ಈ ಫೆಯನ್ನು ಸದ್ದಿಲ್ಲದೆ ಅರಗಿಸಿಬಿಡುತ್ತದೆ. ಗುಬ್ಬಿಯದಕ್ಕೆ ಆ ಕೆಲಸ ಹುಟ್ಟಿನಿಂದಲೇ ಬಾರದು. ಅಪ್ಪನಿಂದ ಒಂದು ಪಾಲು, ಅಮ್ಮನಿಂದ ಒಂದು ಪಾಲು, ಎರಡೂ ಸೇರಿ ಬಂದ ಕೊರತೆ ಅದು. ಅರಗದ ಫೆ ರಕ್ತದಲ್ಲಿ ಏರುತ್ತ ಹೋಗಿ ಮಿದುಳಿಗೇ ಕೈ ಹಾಕುತ್ತದೆ.

ಆದ್ದರಿಂದ ಗುಬ್ಬಿಯ ಊಟವೆಂದರೆ ತರಕಾರಿ, ಹಣ್ಣು, ಅಳೆದು ಹಾಕಿದ ಅನ್ನ, ಅಳೆದು ಹಾಕಿದ ಆಲೂಗಡ್ಡೆ. ಉಳಿದ ಕಸುವಿಗೆ ಆಸ್ಪತ್ರೆಯವರು ಕೊಡುವ, ಫೆ ಇಲ್ಲದ ಒಂದು ಪುಡಿ, ನೀರಿಗೆ ಕಲಸಿ ಮೂರು ಹೊತ್ತೂ ಕುಡಿಯಬೇಕು. ಅವಳ ಗಂಡ ಮದುವೆಯಾದ ಹೊಸತರಲ್ಲಿ ಪ್ರೀತಿ ಉಕ್ಕಿ ಒಂದು ಗುಟುಕು ಕುಡಿದು ನೋಡಿದ್ದ. ಒದ್ದೆ ರಟ್ಟು ನೆಕ್ಕಿದ ಹಾಗಿದೆ ಎಂದು ಬಾಯಿ ತೊಳೆದುಕೊಂಡಿದ್ದ. ಆ ಪ್ರೀತಿ ಆಮೇಲೂ ಉಳಿಯಿತು, ಗುಟುಕು ಮಾತ್ರ ಅದೇ ಕೊನೆ.

ಟೈಲರಮ್ಮನಿಗೆ ಒಂದು ಅಭ್ಯಾಸವಿತ್ತು. ಬಟ್ಟೆ ಕತ್ತರಿಸುವಾಗ ಯಾವತ್ತೂ ಒಂದು ಬೆರಳು ಹೆಚ್ಚು ಬಿಡುತ್ತಿದ್ದಳು, ನಾಳೆ ಮೈ ತುಂಬಿಕೊಂಡರೆ ಬಿಚ್ಚಿ ಹೊಲಿಯಬಹುದು ಅಂತ. ಮಗಳ ತಟ್ಟೆಗೆ ಬಂದಾಗ ಲೆಕ್ಕ ತಿರುಗುಮುರುಗು. ತಕ್ಕಡಿಯ ಮುಳ್ಳು ಸರಿಯಾದ ಜಾಗಕ್ಕೆ ಬಂದು ನಿಂತ ಮೇಲೂ ಚಮಚದ ತುದಿಯಿಂದ ಒಂದು ಚೂರು ಕಿತ್ತು ತನ್ನ ಬಾಯಿಗೆ ಹಾಕಿಕೊಳ್ಳುತ್ತಿದ್ದಳು. ಯಾರೂ ಹೇಳಿಕೊಟ್ಟದ್ದಲ್ಲ. ಡಾಕ್ಟರು ಹೇಳಿದ್ದಕ್ಕಿಂತ ಒಂದು ಚೂರು ಕಡಿಮೆಯಾದರೆ ಏನೂ ಕೆಡುವುದಿಲ್ಲ, ಒಂದು ಚೂರು ಹೆಚ್ಚಾದರೆ ಎಲ್ಲವೂ ಕೆಡುತ್ತದೆ ಎಂಬುದು ಅವಳ ನಂಬಿಕೆ. ಗುಬ್ಬಿಗೆ ಇದು ಗೊತ್ತೇ ಇರಲಿಲ್ಲ.

ಆ ನಂಬಿಕೆ ಸುಮ್ಮನೆ ಬಂದದ್ದೂ ಅಲ್ಲ. ಗುಬ್ಬಿಗಿಂತ ಮೊದಲು ಒಬ್ಬ ಮಗನಿದ್ದ. ಹುಟ್ಟಿದ ಮಗುವಿನ ಹಿಮ್ಮಡಿಗೆ ಸೂಜಿ ಚುಚ್ಚಿ ರಕ್ತ ನೋಡುವ ಪರೀಕ್ಷೆ ಆಗಿನ್ನೂ ಅಲ್ಲಿಗೆ ಬಂದಿರಲಿಲ್ಲ. ಟೈಲರಮ್ಮ ಎಲ್ಲ ತಾಯಂದಿರ ಹಾಗೆ ಎದೆಹಾಲು ಕೊಟ್ಟಳು. ಮಗ ಚಪ್ಪರಿಸಿಕೊಂಡು ಕುಡಿದ. ಕುಡಿದಷ್ಟೂ ಮಂಕಾದ. ಅವನ ಬಟ್ಟೆಗಳಿಂದ ಒಂದು ಮುಗ್ಗಲು ವಾಸನೆ ಬರುತ್ತಿತ್ತು, ಎಷ್ಟು ಒಗೆದರೂ ಹೋಗುತ್ತಿರಲಿಲ್ಲ. ಅವನು ಬೆಳೆದ, ಎತ್ತರವಾದ, ಆದರೆ ಅಮ್ಮ ಅನ್ನುವ ಮಾತು ಕೂಡ ಅವನ ಬಾಯಿಂದ ಬರಲಿಲ್ಲ. ಮೀಸೆ ಮೂಡುವ ಮೊದಲೇ ಒಂದು ಜ್ವರದಲ್ಲಿ ಹೋಗಿಬಿಟ್ಟ. ಕಾರಣ ಗೊತ್ತಾದದ್ದು ಗುಬ್ಬಿ ಹುಟ್ಟಿ, ಅವಳ ರಕ್ತ ಪರೀಕ್ಷೆಯಾದ ಮೇಲೆ. ತನ್ನ ಹೊಟ್ಟೆಯೇ ಅವನನ್ನು ಕೆಡಿಸಿತು, ಒಳಗಿರುವಾಗಲೇ ಅವನಿಗೆ ವಿಷವಿಕ್ಕಿತು ಎಂದು ಟೈಲರಮ್ಮ ಅಂದೇ ತೀರ್ಮಾನಿಸಿದ್ದಳು. ಯಾರನ್ನೂ ಕೇಳಲಿಲ್ಲ. ಹೌದು ಅಂದುಬಿಟ್ಟರೆ ಏನು ಮಾಡುವುದು ಎಂಬ ಭಯ.

ಹೀಗಿರುವಾಗ ಗುಬ್ಬಿ ಒಂದು ದಿನ ಊಟ ಮಾಡುತ್ತಾ ಹೇಳಿದಳು. “ಅಮ್ಮಾ, ನಮಗೆ ಮಗು ಬೇಕು ಅಂತಿದ್ದೀವಿ.”

ಟೈಲರಮ್ಮನ ಕೈಯಲ್ಲಿದ್ದ ಚಮಚ ತಟ್ಟೆಗೆ ಬಿತ್ತು.

“ಬೇಕು ಅಂದ್ರೆ ಆಗ್ಬಿಡತ್ತಾ? ಅದೇನು ಅಂಗಡೀಲಿ ಸಿಗೋ ಗುಂಡೀನಾ?”

“ಅದಕ್ಕೇ ಡಾಕ್ಟರ ಹತ್ರ ಹೋಗ್ಬಂದ್ವಿ.”

ಡಾಕ್ಟರು ಮುಚ್ಚುಮರೆಯಿಲ್ಲದೆ ಹೇಳಿದ್ದರು. ಗುಬ್ಬಿಯ ಗಂಡನ ರಕ್ತ ನೋಡಿಯಾಗಿದೆ, ಅವನಲ್ಲಿ ಈ ಕೊರತೆಯ ಪಾಲಿಲ್ಲ, ಹಾಗಾಗಿ ಮಗುವಿಗೆ ಕಾಯಿಲೆ ಬರುವುದಿಲ್ಲ. ಅಪಾಯ ಬೇರೆ ಕಡೆಯಿದೆ. ತಾಯಿಯ ರಕ್ತದಲ್ಲಿ ಫೆ ಏರಿದರೆ ಹೊಕ್ಕುಳಬಳ್ಳಿಯ ದಾರಿಯಲ್ಲಿ ಅದು ಮಗುವಿಗೂ ಹೋಗುತ್ತದೆ, ಕಾಯಿಲೆಯಿಲ್ಲದ ಮಗುವಿನ ಮಿದುಳಿಗೂ ಹೃದಯಕ್ಕೂ ಪೆಟ್ಟು ಬೀಳುತ್ತದೆ. ಬಸಿರಾಗುವ ಮೊದಲೇ ಫೆಯನ್ನು ಇಳಿಸಬೇಕು, ಹೆರಿಗೆಯವರೆಗೂ ಇಳಿಸಿಯೇ ಇಡಬೇಕು. ಮಾಡಿದವರಿದ್ದಾರೆ, ಅವರಿಗೆ ಒಳ್ಳೆಯ ಮಕ್ಕಳೂ ಆಗಿದ್ದಾರೆ. ಆದರೆ ತಂತಿಯ ಮೇಲಿನ ನಡಿಗೆ.

ಟೈಲರಮ್ಮ ಎರಡು ದಿನ ಮಗಳ ಜೊತೆ ಮಾತು ಬಿಟ್ಟಳು. ಮೂರನೆಯ ದಿನ ತಕ್ಕಡಿಯನ್ನು ಬಿಚ್ಚಿ, ಒರೆಸಿ, ಮುಳ್ಳು ನೆಟ್ಟಗೆ ನಿಲ್ಲುತ್ತದೆಯೇ ಎಂದು ನೋಡಿದಳು. ಅದೇ ಅವಳ ಒಪ್ಪಿಗೆ.

ಅಳಿಯ ಬೇಕರಿಯವನು, ಮದುವೆಯಾದಾಗಿನಿಂದ ಈ ಮನೆಯಲ್ಲೇ ಇದ್ದ. ಇಡೀ ಬೀದಿಗೆ ಬ್ರೆಡ್ಡು ತಿನ್ನಿಸುವ ಆಸಾಮಿಗೆ ತನ್ನ ಹೆಂಡತಿಗೆ ಒಂದು ಹೋಳು ತಿನ್ನಿಸುವ ಭಾಗ್ಯವಿಲ್ಲ. ಅವನು ಪ್ರೋಟೀನು ತೆಗೆದ ಹಿಟ್ಟು ತರಿಸಿ ಗುಬ್ಬಿಗೆಂದೇ ಬೇರೆ ಬ್ರೆಡ್ಡು ಸುಡಲು ಕೂತ. ಆ ಹಿಟ್ಟು ನಾದಿದರೆ ಎಳೆ ಬರುವುದಿಲ್ಲ, ಉಬ್ಬಿದರೆ ನಿಲ್ಲುವುದಿಲ್ಲ. ಮೊದಲ ಬ್ರೆಡ್ಡನ್ನು ಟೈಲರಮ್ಮ ಅಂಗಡಿಯ ಬಾಗಿಲು ಗಾಳಿಗೆ ಹಾಕಿಕೊಳ್ಳದಂತೆ ಅಡ್ಡ ಇಟ್ಟಳು.

“ಅತ್ತೆ, ಇದು ನ್ಯಾಯಾನಾ?” ಎಂದ ಅಳಿಯ.

“ಬಾಗಿಲು ಅಲ್ಲಾಡ್ತಿಲ್ಲ ನೋಡಿ. ನಿಮ್ಮ ಕೈಗುಣ ದೊಡ್ಡದು,” ಎಂದಳು ಟೈಲರಮ್ಮ.

ಗುಬ್ಬಿ ಬಸಿರಾದಳು. ವಾಕರಿಕೆಯ ದಿನಗಳಲ್ಲಿ ಆ ಪುಡಿಯ ನೀರನ್ನು ಕುಡಿಯುವುದು, ಹೊರಗೆ ಹಾಕುವುದು, ಮತ್ತೆ ಕುಡಿಯುವುದು. ವಾರಕ್ಕೆರಡು ಸಲ ಬೆರಳು ಚುಚ್ಚಿ, ರಕ್ತದ ಹನಿಗಳನ್ನು ದಪ್ಪ ಕಾಗದದ ಮೇಲೆ ಒತ್ತಿ ಒಣಗಿಸಿ ಪ್ರಯೋಗಾಲಯಕ್ಕೆ ಕಳಿಸುತ್ತಿದ್ದರು. ಆಮೇಲೆ ಪಥ್ಯದ ಮೇಡಂ ಫೋನು. ಮೇಡಂ ಎಂದರೆ ಆಸ್ಪತ್ರೆಯಲ್ಲಿ ಇಂಥವರ ಊಟ ನೋಡಿಕೊಳ್ಳುವವಳು, ವಯಸ್ಸಿನಲ್ಲಿ ಗುಬ್ಬಿಗಿಂತ ಸ್ವಲ್ಪ ದೊಡ್ಡವಳು, ಗದರುವುದರಲ್ಲಿ ಟೈಲರಮ್ಮನಿಗೆ ಸಮ. ಅವಳು ರಕ್ತದ ಅಂಕಿ ಹೇಳುತ್ತಿದ್ದಳು, ಮೇಲಿನ ಗೆರೆ ಇಷ್ಟು, ಕೆಳಗಿನ ಗೆರೆ ಇಷ್ಟು, ನಡುವೆ ಇರಬೇಕು ಅನ್ನುತ್ತಿದ್ದಳು. ಟೈಲರಮ್ಮ ಮೇಲಿನ ಗೆರೆಯನ್ನು ಮಾತ್ರ ಕಿವಿಗೆ ಹಾಕಿಕೊಳ್ಳುತ್ತಿದ್ದಳು. ಜನ್ಮಪೂರ್ತಿ ಅವಳು ಹೆದರಿದ್ದು ಆ ಒಂದು ಗೆರೆಗೆ. ಕೆಳಗೂ ಒಂದು ಗೆರೆ ಏಕಿದೆ ಎಂದು ಅವಳು ಯೋಚಿಸಿದವಳೇ ಅಲ್ಲ.

ಹೊಟ್ಟೆ ಕಾಣುವಂತಾದ ಮೇಲೆ ಟೈಲರಮ್ಮ ಮಗಳಿಗೆ ಒಂದು ಸಡಿಲ ಅಂಗಿ ಹೊಲಿದಳು. ಎರಡೂ ಪಕ್ಕಕ್ಕೆ ಧಾರಾಳವಾಗಿ ಬಟ್ಟೆ ಮಡಚಿಟ್ಟಿದ್ದಳು. ಪ್ರತಿ ಭಾನುವಾರ ಹೊಲಿಗೆ ಬಿಚ್ಚಿ ಬೆರಳಷ್ಟು ಸಡಿಲಿಸುವುದು ಅಮ್ಮ ಮಗಳಿಬ್ಬರಿಗೂ ಖುಷಿಯ ಕೆಲಸ.

ಒಂದು ಸಲ ಫೋನು ಬಂದಾಗ ಮೇಡಂ ಹೇಳಿದಳು, ಫೆ ಚೆನ್ನಾಗಿ ಇಳಿದಿದೆ. ಟೈಲರಮ್ಮ ಸಂಭ್ರಮದಿಂದ ಅಳಿಯನನ್ನು ಕೂಗಿದಳು. ಮುಂದಿನ ಸಲ ಇನ್ನೂ ಇಳಿದಿತ್ತು. ಈಗ ಮೇಡಂ ದನಿ ಬೇರೆಯಾಯಿತು.

“ಇದು ಕೆಳಗಿನ ಗೆರೆಗಿಂತಲೂ ಕಡಿಮೆ. ಅನ್ನ ಜಾಸ್ತಿ ಮಾಡಿ. ದಿನಾ ಸ್ವಲ್ಪ ಹಾಲೂ ಕೊಡಿ.”

“ಹಾಲಾ?” ಎಂದಳು ಟೈಲರಮ್ಮ. ಮೇಡಂ ಯಾರದೋ ಫೋನಿಗೆ ಮಾಡಬೇಕಾದದ್ದನ್ನು ತನಗೆ ಮಾಡಿದ್ದಾಳೆ ಎಂದೇ ಅವಳಿಗನ್ನಿಸಿತು.

“ಹಾಲೇ. ಅಳೆದು ಕೊಡಿ, ಆದ್ರೆ ಕೊಡಿ.”

ಆಡುವುದು ಸುಲಭ. ಮಗಳು ಅಂಬೆಗಾಲಿಡುತ್ತಿದ್ದಾಗ ಪಕ್ಕದ ಮನೆಯ ಮಗುವಿನ ಹಾಲಿನ ಬಟ್ಟಲಿಗೆ ಕೈ ಹಾಕಿದ್ದಕ್ಕೆ ಅವಳ ಕೈಮೇಲೆ ಹೊಡೆದಿದ್ದಳು ಟೈಲರಮ್ಮ. ಮೊದಲ ಮಗನಿಗೆ ಹಾಲು ಏನು ಮಾಡಿತ್ತು ಎಂಬುದನ್ನು ಕಣ್ಣಾರೆ ಕಂಡವಳು. ಪ್ರಯೋಗಾಲಯದಲ್ಲಿ ರಕ್ತದ ಕಾಗದ ಅದಲುಬದಲಾಗಿರಬೇಕು ಎಂದುಕೊಂಡಳು. ಅನ್ನ ಹೆಚ್ಚು ತೂಗಿದಳು, ತೂಗಿದ ಮೇಲೆ ಮೊದಲಿನ ಒಂದು ಚೂರಿಗೆ ಬದಲು ದೊಡ್ಡ ಎರಡು ತುತ್ತು ಎತ್ತಿದಳು. ಹಾಲು ಅಳೆದಳು. ಗುಬ್ಬಿ ಕೈ ತೊಳೆದು ಬರುವಷ್ಟರಲ್ಲಿ ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಟೈಲರಮ್ಮನ ಗಂಟಲಲ್ಲಿ ಇಳಿದಿತ್ತು, ಉಳಿದದ್ದಕ್ಕೆ ನೀರು ಬೆರೆತಿತ್ತು. ಮಗಳ ಮೇಲಿನ ಪ್ರೀತಿಯಿಂದ ಇಷ್ಟು ದೊಡ್ಡ ಕಳ್ಳತನ ಮಾಡಿದವರು ಆ ಬೀದಿಯಲ್ಲಿ ಬೇರೆ ಯಾರೂ ಇರಲಾರರು.

ಅಂಕಿ ಮತ್ತೆ ಇಳಿಯಿತು. ಮೇಡಂ ಇನ್ನಷ್ಟು ಕೊಡಿ ಎಂದಳು. ಟೈಲರಮ್ಮ ಇನ್ನಷ್ಟು ತೂಗಿದಳು, ಇನ್ನಷ್ಟು ಕದ್ದಳು.

ಆ ಭಾನುವಾರ ಗುಬ್ಬಿ ಅಂಗಿ ತೊಟ್ಟು ಕನ್ನಡಿಯ ಮುಂದೆ ನಿಂತಳು. ಟೈಲರಮ್ಮ ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು ಮಂಡಿಯೂರಿದಳು. ಪಕ್ಕದ ಹೊಲಿಗೆಗೆ ಬೆರಳು ತೂರಿಸಿದಳು. ಬಟ್ಟೆ ಸಡಿಲವಾಗಿಯೇ ಇತ್ತು. ಹೋದ ಭಾನುವಾರವೂ ಬಿಚ್ಚಿರಲಿಲ್ಲ, ಅದರ ಹಿಂದಿನ ಭಾನುವಾರವೂ ಇಲ್ಲ. ಅಳತೆಪಟ್ಟಿ ಸುತ್ತಿದಳು. ತೆಗೆದಳು. ಮತ್ತೆ ಸುತ್ತಿದಳು. ಪಟ್ಟಿ ಅದೇ ಗೀಟಿನಲ್ಲಿ ನಿಂತಿತ್ತು.

“ಏನಾಯ್ತಮ್ಮಾ?”

ಟೈಲರಮ್ಮ ಬಾಯಿಂದ ಸೂಜಿಗಳನ್ನು ಒಂದೊಂದಾಗಿ ತೆಗೆದು ಕೈಯಲ್ಲಿಟ್ಟುಕೊಂಡಳು. ಎಷ್ಟೋ ಬಸುರಿಯರಿಗೆ ಬಟ್ಟೆ ಹೊಲಿದವಳು ಅವಳು. ಈ ತಿಂಗಳುಗಳಲ್ಲಿ ಅಳತೆ ನಿಲ್ಲುವುದಿಲ್ಲ ಎಂದು ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ. ಪ್ರಯೋಗಾಲಯ ತಪ್ಪಬಹುದು, ಮೇಡಂ ತಪ್ಪಬಹುದು, ತನ್ನ ಪಟ್ಟಿ ತಪ್ಪುವುದಿಲ್ಲ.

ಮಾರನೆಯ ದಿನ ಆಸ್ಪತ್ರೆಯಲ್ಲಿ ಸ್ಕ್ಯಾನು ಕೂಡ ಅದನ್ನೇ ಹೇಳಿತು, ಮಗು ಬೆಳೆಯಬೇಕಾದಷ್ಟು ಬೆಳೆದಿಲ್ಲ. ಮೇಡಂ ಗುಬ್ಬಿಯ ಕಡೆ ತಿರುಗಿದಳು.

“ನಿಜ ಹೇಳಿ. ಕೊಟ್ಟಿದ್ದು ತಿಂತಿಲ್ಲ ತಾನೆ? ಹೆದರ್ಕೊಂಡು ಚೆಲ್ತಿದ್ದೀರಾ?”

“ತಟ್ಟೆಗೆ ಬಿದ್ದದ್ದೆಲ್ಲ ತಿಂತೀನಿ ಮೇಡಂ, ಆಣೆ,” ಎಂದಳು ಗುಬ್ಬಿ. ಅವಳ ಕಣ್ಣಲ್ಲಿ ನೀರು.

“ತಟ್ಟೆಗೆ ಬೀಳೋದೇ ಕಡಿಮೆ,” ಎಂದಳು ಟೈಲರಮ್ಮ. “ನಾನು ತೆಗೀತಿದ್ದೆ.”

ಎಲ್ಲವನ್ನೂ ಹೇಳಿದಳು. ಚಮಚದ ತುದಿಯ ಚೂರು, ಎರಡು ತುತ್ತು, ನೀರು ಬೆರೆತ ಹಾಲು. ಗುಬ್ಬಿ ಬಾಯಿ ತೆರೆದು ಅಮ್ಮನನ್ನೇ ನೋಡುತ್ತಿದ್ದಳು. ಮೇಡಂ ಮುಖ ಕೆಂಪೇರಿತು, ಬಯ್ಯಲು ಉಸಿರು ಎಳೆದುಕೊಂಡಳು, ಆಮೇಲೆ ಏನನ್ನಿಸಿತೋ, ಕುರ್ಚಿಯನ್ನು ಟೈಲರಮ್ಮನ ಹತ್ತಿರಕ್ಕೆ ಜರುಗಿಸಿಕೊಂಡಳು.

“ಇಷ್ಟು ವರ್ಷ ಮಗಳ ಮಿದುಳು ಉಳಿಸಿದ್ದು ನಿಮ್ಮ ಕೈನೇ ಅಮ್ಮ, ಅದಕ್ಕೇ ಬಯ್ಯೋಕೆ ಆಗ್ತಿಲ್ಲ. ಆದ್ರೆ ಕೇಳಿ. ಫೆ ವಿಷ ಅಲ್ಲ. ಮಗುವಿನ ಮೈ ಕಟ್ಟೋಕೆ ಅದೂ ಬೇಕು. ಇಲ್ಲದೆ ಇದ್ರೆ ಅದು ಯಾವುದರಿಂದ ಬೆಳೀಬೇಕು?”

“ಮತ್ತೆ ಇವಳ ರಕ್ತದಲ್ಲಿ ಹಿಂದೆಂದೂ ಹೀಗೆ ಇಳಿದಿರ್ಲಿಲ್ವಲ್ಲ. ನಾನು ಯಾವಾಗ್ಲೂ ಒಂದು ಚೂರು ತೆಗೀತಿದ್ದೆ, ಆಗ್ಲೂ ಸರಿಯಾಗೇ ಇರ್ತಿತ್ತು.”

“ಆಗ ಒಳಗೆ ಇನ್ನೊಬ್ಬರು ಇರ್ಲಿಲ್ಲ,” ಎಂದಳು ಮೇಡಂ. ಅವಳು ಸ್ಕ್ಯಾನಿನ ಪರದೆಯ ಕಡೆ ಕೈ ತೋರಿಸಿದಳು, ಅಲ್ಲಿ ಬೂದುಬಣ್ಣದಲ್ಲಿ ಒಂದು ಪುಟ್ಟ ಮೈಯ ಚಿತ್ರವಿತ್ತು. “ಇದಕ್ಕೂ ಒಂದು ಲಿವರ್ ಇದೆ, ನಿಮ್ಮ ಮುಷ್ಟಿಯಷ್ಟೂ ಇಲ್ಲ. ಅಪ್ಪನಿಂದ ಬಂದ ಒಳ್ಳೆ ಪಾಲು ಅದರಲ್ಲಿದೆ. ಅದು ಕೆಲಸ ಶುರು ಮಾಡಿದೆ. ಅಮ್ಮನ ರಕ್ತದಿಂದ ಫೆ ತಗೊಂಡು ಒಂದಷ್ಟರಲ್ಲಿ ಮೈ ಕಟ್ಕೊಳ್ತಿದೆ, ಒಂದಷ್ಟನ್ನ ಅರಗಿಸ್ತಿದೆ. ನಿಮ್ಮ ಮಗಳಿಗೆ ಹುಟ್ಟಿದಾಗಿಂದ ಬಾರದೆ ಇರೋ ಕೆಲಸಾನ ಅವಳ ಮಗು ಒಳಗೆ ಕೂತು ಅವಳಿಗೆ ಮಾಡಿಕೊಡ್ತಿದೆ.”

ಟೈಲರಮ್ಮ ಪರದೆಯನ್ನು ನೋಡಿದಳು, ಮಗಳ ಹೊಟ್ಟೆಯನ್ನು ನೋಡಿದಳು. ಇನ್ನೂ ಕಣ್ಣು ಬಿಟ್ಟು ಲೋಕ ನೋಡದ ಜೀವ, ಹೆಸರಿಲ್ಲದ ಜೀವ, ಕತ್ತಲೆಯಲ್ಲಿ ಕೂತು ತಾಯಿಯ ರಕ್ತ ಸೋಸುತ್ತಿದೆ. ದೊಡ್ಡ ದೊಡ್ಡ ಡಾಕ್ಟರರಿಗೆ ಆಗದ್ದು, ತನ್ನ ತಕ್ಕಡಿಗೆ ಆಗದ್ದು. ಮಗಳನ್ನು ಕಾಯುವ ಕೆಲಸದಲ್ಲಿ ಇಷ್ಟು ಕಾಲ ಒಂಟಿಯಾಗಿದ್ದವಳಿಗೆ ಒಬ್ಬರು ಜೊತೆ ಸಿಕ್ಕಿದ್ದರು, ಆ ಜೊತೆಯ ಬಾಯಿಂದಲೇ ಅವಳು ತುತ್ತು ಕಿತ್ತಿದ್ದಳು.

“ತಪ್ಪಾಯ್ತು ಮರಿ,” ಎಂದಳು, ಹೊಟ್ಟೆಗೆ.

“ನನಗೂ ಒಂದು ತಪ್ಪಾಯ್ತು ಹೇಳಮ್ಮಾ,” ಎಂದಳು ಗುಬ್ಬಿ ಮೂಗು ಒರೆಸಿಕೊಳ್ಳುತ್ತಾ. “ನನ್ನ ಆಲೂಗಡ್ಡೆ ಎಷ್ಟು ಮೂಟೆ ತಿಂದಿರಬಹುದು ನೀನು?”

“ಈಗ ಸರಿಹೋಗತ್ತಾ ಮೇಡಂ?” ಎಂದಳು ಟೈಲರಮ್ಮ.

“ಇನ್ನೂ ಸಮಯ ಇದೆ. ತಿನ್ನಿಸಿ, ನೋಡೋಣ.” ಅದಕ್ಕಿಂತ ಹೆಚ್ಚಿನ ಭರವಸೆ ಮೇಡಂ ಕೊಡಲಿಲ್ಲ.

ಆ ಸಂಜೆ ಟೈಲರಮ್ಮ ಹಾಲು ಅಳೆದು ಲೋಟಕ್ಕೆ ಹಾಕಿ, ತಾನು ಅಡುಗೆಮನೆಯಿಂದ ಹೊರಗೆ ಹೋಗಿ ನಿಂತಳು. ತನ್ನ ಕೈಯ ಮೇಲೆ ತನಗೇ ನಂಬಿಕೆಯಿರಲಿಲ್ಲ. ಗುಬ್ಬಿ ಒಂದು ಗುಟುಕು ಬಾಯಲ್ಲಿಟ್ಟುಕೊಂಡು ಬಹಳ ಹೊತ್ತು ಯೋಚಿಸಿದಳು.

“ಇಷ್ಟೇನಾ?” ಎಂದಳು. “ಇದಕ್ಕಾ ಪ್ರಪಂಚ ಇಷ್ಟು ಒದ್ದಾಡೋದು?”

ವಾರಗಳು ಕಳೆದಂತೆ ಮೇಡಂ ಹೇಳುವ ಅಳತೆ ಏರುತ್ತಲೇ ಹೋಯಿತು. ಏರಿದಷ್ಟನ್ನೂ ಒಳಗಿನ ಕೆಲಸಗಾರ ನಿಭಾಯಿಸಿದ. ಒಂದು ದಿನ ಮೇಡಂ, ಮಾಮೂಲಿ ಬ್ರೆಡ್ಡು ಒಂದು ಹೋಳು ಕೊಡಬಹುದು ಎಂದಳು. ಬೇಕರಿಯವನಿಗೆ ಸುದ್ದಿ ಹೋಯಿತು. ಗಿರಾಕಿಗಳನ್ನು ಹಾಗೇ ನಿಲ್ಲಿಸಿ, ಆಗ ತಾನೇ ಒಲೆಯಿಂದ ತೆಗೆದ ಬ್ರೆಡ್ಡನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಓಡಿ ಬಂದ. ಟೈಲರಮ್ಮ ಹೋಳನ್ನು ತೂಗಿದಳು. ಗುಬ್ಬಿ ಕಣ್ಣು ಮುಚ್ಚಿ ಅಗಿದಳು. ಮದುವೆಯಾಗಿ ಇಷ್ಟು ವರ್ಷಕ್ಕೆ ಮೊದಲ ಸಲ ಗಂಡ ಬೀದಿಗೆಲ್ಲ ಮಾರುವ ಬ್ರೆಡ್ಡು ತಿನ್ನುತ್ತಿದ್ದಳು.

“ಹೇಗಿದೆ?” ಎಂದ ಅವನು. ಪರೀಕ್ಷೆ ಬರೆದ ಹುಡುಗನ ಮುಖ.

“ಉಪ್ಪು ಸ್ವಲ್ಪ ಮುಂದಾಯ್ತು.”

ಅವನು ನಗಲು ಹೋಗಿ ಅತ್ತುಬಿಟ್ಟ. ತಿಂಗಳು ತುಂಬುವ ಹೊತ್ತಿಗೆ ಗುಬ್ಬಿಯ ಅಂಗಿಯಲ್ಲಿ ಮಡಚಿಟ್ಟ ಬಟ್ಟೆಯೆಲ್ಲ ಬಿಚ್ಚಿ ಮುಗಿದು, ಟೈಲರಮ್ಮ ಎರಡೂ ಪಕ್ಕಕ್ಕೆ ಬೇರೆ ಬಣ್ಣದ ತುಂಡು ಸೇರಿಸಿ ಹೊಲಿಯಬೇಕಾಯಿತು. ಅಷ್ಟು ಹೆಮ್ಮೆಯಿಂದ ಅವಳು ಯಾವ ತೇಪೆಯನ್ನೂ ಹಾಕಿರಲಿಲ್ಲ.

ಗಂಡು ಮಗು ಹುಟ್ಟಿತು. ತಲೆಯ ಸುತ್ತಳತೆಯನ್ನು ನರ್ಸು ಅಳೆದಳು, ಅವಳ ಬೆನ್ನ ಹಿಂದೆ ಟೈಲರಮ್ಮ ತನ್ನ ಪಟ್ಟಿಯಲ್ಲಿ ಇನ್ನೊಮ್ಮೆ ಅಳೆದಳು. ಇರಬೇಕಾದಷ್ಟಿತ್ತು. ಡಾಕ್ಟರು ಎದೆಗೆ ಕೊಳವೆಯಿಟ್ಟು ಕೇಳಿ, ಹೃದಯ ಚೆನ್ನಾಗಿದೆ ಎಂದರು. ಮಗು ಕಿರುಚಿದ ಜೋರಿಗೆ ಬೇಕರಿಯವನು ಬಾಗಿಲಾಚೆಯಿಂದ, “ಇದು ಅತ್ತೆಯ ಗಂಟಲೇ,” ಎಂದ. ಟೈಲರಮ್ಮ ಬಟ್ಟೆಯಲ್ಲಿ ಸುತ್ತಿದ ಕೂಸನ್ನು ಎತ್ತಿಕೊಂಡು ಅದರ ಕುತ್ತಿಗೆಗೆ ಮೂಗು ಒತ್ತಿ, ಹೆದರುತ್ತಾ ಹೆದರುತ್ತಾ ಉಸಿರೆಳೆದಳು. ಬರೀ ಹಸುಗೂಸಿನ ವಾಸನೆ. ಮುಗ್ಗಲು ಎಲ್ಲೂ ಇರಲಿಲ್ಲ.

ಹಿಮ್ಮಡಿಯ ರಕ್ತ ಪರೀಕ್ಷೆಗೆ ಹೋಯಿತು. ಮಗು ಅಮ್ಮನ ಹಾಲನ್ನೇ ಕುಡಿಯಬಹುದು ಎಂದು ಮೇಡಂ ಹೇಳಿದರೂ, ಉತ್ತರ ಬರುವವರೆಗೆ ಟೈಲರಮ್ಮ ಪ್ರತಿ ಸಲ ಮಗು ಎದೆಗೆ ಬಾಯಿ ಹಾಕಿದಾಗಲೂ ಗೋಡೆ ಕಡೆ ತಿರುಗಿಕೊಳ್ಳುತ್ತಿದ್ದಳು.

ಮನೆಗೆ ಬಂದ ಮೇಲೆ ಒಂದು ಮಧ್ಯಾಹ್ನ ಫೋನು ಬಂತು. ಗುಬ್ಬಿ ಒಳಗೆ ಮಗುವಿಗೆ ಹಾಲು ಕೊಡುತ್ತಿದ್ದಳು. ಟೈಲರಮ್ಮ ಹೊಲಿಗೆ ಯಂತ್ರ ನಿಲ್ಲಿಸಿ ಫೋನು ಎತ್ತಿದಳು.

“ಮಗು ರಕ್ತ ಸರಿಯಾಗಿದೆ,” ಎಂದಳು ಮೇಡಂ. “ಏನೂ ತೊಂದರೆ ಇಲ್ಲ. ಆದ್ರೆ ಅಮ್ಮನ ಫೆ ಮತ್ತೆ ಏರ್ತಿದೆ. ಅರಗಿಸ್ತಿದ್ದವನು ಹೊರಗೆ ಬಂದ್ಬಿಟ್ನಲ್ಲ. ಇವತ್ತಿಂದ ಹಳೇ ಅಳತೆ.”

“ಆಗ್ಲಿ ಮೇಡಂ.” ಟೈಲರಮ್ಮ ಫೋನು ಇಡಲಿಲ್ಲ.

“ಇನ್ನೇನಾದ್ರೂ ಕೇಳ್ಬೇಕಾ ಅಮ್ಮ?”

“ಮಗು ಅಮ್ಮನಿಗೆ ಅರಗಿಸಿ ಕೊಡತ್ತೆ ಅಂದ್ರಲ್ಲ.” ಅವಳು ಒಳಬಾಗಿಲ ಕಡೆ ಒಮ್ಮೆ ನೋಡಿದಳು. “ಅಮ್ಮನೂ ಮಗುವಿಗೆ ಹಾಗೆ ಮಾಡಿಕೊಡ್ತಾಳಾ? ನನಗೆ ಒಬ್ಬ ಮಗ ಇದ್ದ. ಗುಬ್ಬಿಗೆ ಇರೋದೇ ಅವನಿಗೂ ಇತ್ತು. ಅವನು ನನ್ನ ಹೊಟ್ಟೇಲಿದ್ದಾಗ...”

ಮೇಡಂ ದನಿ ಮೆತ್ತಗಾಯಿತು.

“ಇದನ್ನ ನಿಮಗೆ ಯಾರೂ ಹೇಳಿಲ್ವಾ ಅಮ್ಮ? ನಿಮ್ಮಲ್ಲಿರೋದು ಕೊರತೆಯ ಒಂದೇ ಪಾಲು, ನಿಮ್ಮ ಲಿವರ್ ಸರಿಯಾಗೇ ಇದೆ. ಅವನು ಒಳಗಿದ್ದಷ್ಟು ದಿನ ಅವನ ಕೆಲಸಾನೆಲ್ಲ ನೀವೇ ಮಾಡಿದ್ರಿ. ಹುಟ್ಟಿದಾಗ ಅವನ ಮಿದುಳು ಈ ನಿಮ್ಮ ಮೊಮ್ಮಗನದಷ್ಟೇ ಚೆನ್ನಾಗಿತ್ತು. ಫೆ ಏರಿದ್ದು ಆಮೇಲೆ. ಅದನ್ನ ಕಂಡುಹಿಡಿಯೋ ಪರೀಕ್ಷೆ ಆಗ ನಿಮ್ಮ ಹತ್ರ ಬಂದಿರ್ಲಿಲ್ಲ.”

ಟೈಲರಮ್ಮ ಫೋನು ಇಟ್ಟು, ಯಂತ್ರದ ಮುಂದೆ ಹಾಗೇ ಕೂತಳು. ಕೈ ತಾನಾಗಿ ಹೊಟ್ಟೆಯ ಮೇಲೆ ಹೋಯಿತು. ಅವನು ಅಲ್ಲಿ ಒದೆಯುತ್ತಿದ್ದದ್ದು ಅವಳಿಗೆ ನೆನಪಾಯಿತು. ಹೊಲಿಗೆ ಯಂತ್ರದ ಸದ್ದಿಗೆ ಅವನು ಒದೆಯುತ್ತಿದ್ದ, ನಿಲ್ಲಿಸಿದರೆ ಸುಮ್ಮನಾಗುತ್ತಿದ್ದ. ಅಷ್ಟು ಜಾಣ. ಇಷ್ಟು ವರ್ಷ ಆ ಒದೆತವನ್ನು ಅವಳು ನೆನೆಯಲು ಬಿಟ್ಟುಕೊಂಡಿರಲಿಲ್ಲ. ಈಗ ನೆನೆದಳು, ಮನಸಾರೆ ಅತ್ತಳು.

ಒಳಗಿಂದ ಗುಬ್ಬಿ ಕೂಗಿದಳು. “ಯಾರಮ್ಮಾ ಫೋನು?”

“ಮೇಡಂ. ನಿನ್ನ ಮಗ ಚೆನ್ನಾಗಿದ್ದಾನಂತೆ.” ಟೈಲರಮ್ಮ ಸೆರಗಿನಿಂದ ಮುಖ ಒರೆಸಿಕೊಂಡು ಬಾಗಿಲಿಗೆ ಬಂದಳು. “ನಿನ್ನಣ್ಣನೂ ನನ್ನ ಹೊಟ್ಟೇಲಿ ಚೆನ್ನಾಗಿದ್ನಂತೆ.”

ಗುಬ್ಬಿ ಅಮ್ಮನ ಮುಖ ನೋಡಿದಳು. ಏನು ನಡೆಯಿತೆಂದು ಅವಳಿಗೆ ತಿಳಿಯಲು ಹೆಚ್ಚು ಹೊತ್ತು ಬೇಕಾಗಲಿಲ್ಲ.

“ಮತ್ತೆ ನಾನು?” ಎಂದಳು ಮೆಲ್ಲಗೆ.

“ನೀನೂ. ನಿನಗೂ ನಾನೇ ಅರಗಿಸಿ ಕೊಟ್ಟಿದ್ದು.”

“ಅಂದ್ರೆ ಆಗ್ಲೂ ನನ್ನ ಪಾಲು ನೀನೇ ತಿಂತಿದ್ದೆ.”

“ತಲೆಹರಟೆ,” ಎಂದಳು ಟೈಲರಮ್ಮ. ಮಗು ಹಾಲು ಕುಡಿಯುತ್ತಿತ್ತು. ಈ ಸಲ ಅವಳು ಗೋಡೆ ಕಡೆ ತಿರುಗದೆ, ಗಂಟಲು ಏರಿಳಿಯುವುದನ್ನು ಕಣ್ತುಂಬ ನೋಡಿದಳು.

ಆಮೇಲೆ ಅಡುಗೆಮನೆಗೆ ಹೋಗಿ ತಕ್ಕಡಿ ಇಳಿಸಿಕೊಂಡಳು. ಬೇಯಿಸಿದ ಆಲೂಗಡ್ಡೆ ಇಟ್ಟು ಹಳೆಯ ಅಳತೆಗೆ ಮುಳ್ಳು ನಿಲ್ಲುವವರೆಗೆ ತೂಗಿದಳು. ಕೈ ಅಭ್ಯಾಸದಂತೆ ಚಮಚದ ತುದಿಯಿಂದ ಒಂದು ಚೂರು ಎತ್ತಿತು. ಆ ಚೂರನ್ನು ಒಂದು ಗಳಿಗೆ ನೋಡಿ, ಅವಳು ಮಗಳ ತಟ್ಟೆಗೇ ವಾಪಸು ಹಾಕಿದಳು.